ತಯಾರಿಕೆ ನಿಜಕ್ಕೂ ಚೇತರಿಸಿಕೊಂಡಿದೆಯೇ? ಸಣ್ಣ ಕಾರ್ಖಾನೆಯವರ ಪ್ರಶ್ನೋತ್ತರ

ನಿರ್ವಾಹಕರು: ಇಂದು ನಮ್ಮ ಸಣ್ಣ ಕೈಗಾರಿಕೆಗಳ ಗುಂಪಿನಲ್ಲಿ ಉತ್ತರಿಸಲು ಪೀಣ್ಯದ ಕಾಸ್ಟ್ ಅಕೌಂಟೆಂಟ್ ಮೇಡಂ ಒಪ್ಪಿದ್ದಾರೆ. ಯಂತ್ರದ ಗಂಟೆ ದರ, ಸಾಲ, ಬಾಕಿ ವಸೂಲಿ: 26 ವರ್ಷಗಳಿಂದ ಅವರ ಕೆಲಸ ಇದೇ. ದಯವಿಟ್ಟು ಫಾರ್ವರ್ಡ್ ಸಂದೇಶ ಹಾಕಬೇಡಿ.

ತುಮಕೂರು, ಪ್ಲಾಸ್ಟಿಕ್ ಮೋಲ್ಡಿಂಗ್: ನಮಸ್ಕಾರ ಮೇಡಂ. ದೇಶದ ತಯಾರಿಕೆ ಮತ್ತೆ ಎದ್ದು ನಿಂತಿದೆ ಎಂದು ದಿನವೂ ಓದುತ್ತೇವೆ. ನಮ್ಮ ಶೆಡ್‌ನಲ್ಲಿ ಒಂದು ಪಾಳಿಗೂ ಕೆಲಸ ಸಾಲದು. ಯಾವುದನ್ನು ನಂಬಬೇಕು?

ಉತ್ತರ: ನಮಸ್ಕಾರ. ಎರಡೂ ನಿಜ. 2022ರೊಳಗೆ ಜಿಡಿಪಿಯಲ್ಲಿ ತಯಾರಿಕೆಯ ಪಾಲು ಶೇ. 25 ಆಗಬೇಕು ಎಂದು 2011ರ ರಾಷ್ಟ್ರೀಯ ತಯಾರಿಕಾ ನೀತಿ ಹೇಳಿತ್ತು. 2014ರ ಮೇಕ್ ಇನ್ ಇಂಡಿಯಾ ಅದೇ ಗುರಿಯನ್ನು ಮುಂದುವರಿಸಿತು. ಯಾವ ಅಳತೆ ಹಿಡಿದರೂ ಆ ಪಾಲು ಇನ್ನೂ ಶೇ. 13ರಿಂದ 17ರೊಳಗೇ ಇದೆ. ಹಾಗೆಂದು ಏನೂ ಆಗಿಲ್ಲ ಎನ್ನಲಾಗದು. 2014ರ ಸುಮಾರಿಗೆ ಬಹುಪಾಲು ಮೊಬೈಲ್ ಫೋನುಗಳು ಹೊರಗಿನಿಂದ ಬರುತ್ತಿದ್ದವು. ಈಗ ಕೋಲಾರ ಜಿಲ್ಲೆಯ ನರಸಾಪುರ, ಬೆಂಗಳೂರಿನ ಬಳಿಯ ದೇವನಹಳ್ಳಿಗಳಲ್ಲಿ ಐಫೋನ್ ಜೋಡಣೆಯಾಗಿ ಹಡಗು, ವಿಮಾನ ಏರುತ್ತಿದೆ. ಆದರೆ ಜೋಡಣೆ ಬಂದ ವೇಗದಲ್ಲಿ ಬಿಡಿಭಾಗ ಬಂದಿಲ್ಲ. ಸರ್ಕಾರಕ್ಕೂ ಇದು ಗೊತ್ತು. 2025ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆಂದೇ 22,919 ಕೋಟಿ ರೂಪಾಯಿಯ ಯೋಜನೆ ತಂದದ್ದು ಅದಕ್ಕೆ. ಸಾವಿರ ರೂಪಾಯಿಯ ವಸ್ತು ರಫ್ತಾದರೆ ಅದರಲ್ಲಿ ನಮ್ಮ ಊರಿನ ಶೆಡ್‌ಗಳಿಗೆ ಎಷ್ಟು ರೂಪಾಯಿ ಬಂತು ಎಂಬುದನ್ನು ನೋಡಿ. ಚೇತರಿಕೆಯನ್ನು ನಾನು ಅಳೆಯುವುದು ಅದರಿಂದಲೇ.

ದಾವಣಗೆರೆ, ಹೊಸ ಘಟಕ: ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಏಜೆಂಟ್ 3,000 ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಬೇಡ. ಸರ್ಕಾರಿ ಜಾಲತಾಣದಲ್ಲಿ ಉಚಿತ. ಆಧಾರ್, ಪ್ಯಾನ್ ಸಾಕು.

ಚನ್ನಪಟ್ಟಣ, ಮರದ ಗೊಂಬೆ: ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಗ್ಗದ ಚೀನಾ ಗೊಂಬೆ ಕಡಿಮೆಯಾಗಿ ನಮಗೆ ಉಸಿರು ಬಂತು. ಈಗ ವ್ಯಾಪಾರಿಗಳು ಐಎಸ್‌ಐ ಗುರುತು ಕೇಳುತ್ತಿದ್ದಾರೆ. ಅರಗು ಹಚ್ಚಿದ ಗೊಂಬೆಗೂ ಬೇಕೇ?

ಉತ್ತರ: ಭೌಗೋಳಿಕ ಗುರುತಿನಡಿ (ಜಿಐ ಟ್ಯಾಗ್) ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ, ಕರಕುಶಲ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ಐಎಸ್‌ಐ ಕಡ್ಡಾಯ ಮಾಡಿದ ಗೊಂಬೆ ಗುಣಮಟ್ಟದ ಆದೇಶದಿಂದ ವಿನಾಯಿತಿ ಇದೆ. ನೋಂದಣಿ ಪತ್ರದ ಪ್ರತಿಯನ್ನು ಬಿಲ್ ಜೊತೆ ಲಗತ್ತಿಸಿ.

ಹುಬ್ಬಳ್ಳಿ, ತಾರಿಹಾಳ: ಮೇಡಂ, ನನಗೆ 28 ವರ್ಷ. ಎರಡು ಹೊಸ ವಿಎಂಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ) ಯಂತ್ರ ಹಾಕಬೇಕೆಂದಿದ್ದೇನೆ, ಒಟ್ಟು 70 ಲಕ್ಷ. ಬ್ಯಾಂಕ್ ಶೇ. 11ರ ಬಡ್ಡಿಗೆ ಐದು ವರ್ಷಕ್ಕೆ 56 ಲಕ್ಷ ಕೊಡುತ್ತದೆ, ಅಪ್ಪನ ಮನೆ ಅಡಮಾನ. ಒಂದು ದೊಡ್ಡ ಕಂಪನಿಯವರು ‘ಯಂತ್ರ ಹಾಕಿ, ಕೆಲಸ ನಾವು ಕೊಡುತ್ತೇವೆ’ ಎಂದಿದ್ದಾರೆ. ಒಂದು ಯಂತ್ರದ ಗಂಟೆಗೆ 450 ರೂಪಾಯಿ. ಚೀನಾದಿಂದ ಕೆಲಸ ಇತ್ತ ಬರುತ್ತಿರುವಾಗ ಕಾಯುವುದು ಸರಿಯೇ?

ಉತ್ತರ: ತಮ್ಮಾ, ನಿನ್ನ ಪ್ರಶ್ನೆ ಓದಿ ಉಳಿದವನ್ನು ಪಕ್ಕಕ್ಕಿಟ್ಟಿದ್ದೇನೆ. ನಿನ್ನ ಅಂಕಿಗಳನ್ನೇ ಹಿಡಿಯೋಣ. ಕಂತು ತಿಂಗಳಿಗೆ ಸುಮಾರು 1.22 ಲಕ್ಷ. ದಿನಕ್ಕೆ 16 ಗಂಟೆ, 25 ದಿನ ಎಂದರೆ ಯಂತ್ರಕ್ಕೆ 400 ಗಂಟೆ. ಅಷ್ಟು ಹೊತ್ತೂ ಲೋಹ ಕತ್ತರಿಸುವುದಿಲ್ಲ. ಸೆಟ್ಟಿಂಗ್ ಆಗಬೇಕು, ಕರೆಂಟ್ ಹೋಗುತ್ತದೆ, ಎರಕದ ಕಾಸ್ಟಿಂಗ್ ಬರುವುದು ತಡವಾಗುತ್ತದೆ, ಆಪರೇಟರ್ ಹಬ್ಬಕ್ಕೆ ಊರಿಗೆ ಹೋಗುತ್ತಾನೆ. ಹತ್ತರಲ್ಲಿ ಏಳು ಪಾಲು ಸಿಕ್ಕರೆ ಅದು ಅಚ್ಚುಕಟ್ಟಾದ ಶೆಡ್. ಎರಡು ಯಂತ್ರಗಳಿಂದ 560 ಗಂಟೆ, ಅಂದರೆ 2.52 ಲಕ್ಷ. ಇದರಲ್ಲಿ ಕಂತು 1.22 ಲಕ್ಷ, ಪಾಳಿಗೊಬ್ಬನಂತೆ ಇಬ್ಬರು ಆಪರೇಟರ್‌ಗಳಿಗೆ 44 ಸಾವಿರ, ವಿದ್ಯುತ್ 30, ಬಾಡಿಗೆ 25, ಕತ್ತರಿಸುವ ಇನ್ಸರ್ಟ್, ತಂಪುಮಾಡುವ ಕೂಲೆಂಟ್, ರಿಪೇರಿಗೆ 25 ಸಾವಿರ ಎಂದು ಇಟ್ಟುಕೊ. ಉಳಿಯುವುದು ಆರು ಸಾವಿರ. ನಿನ್ನ ಸಂಬಳವನ್ನು ನಾನಿನ್ನೂ ಬರೆದಿಲ್ಲ. ಒಂದೇ ಪಾಳಿಯ ಕೆಲಸ ಸಿಕ್ಕರೆ ಬರುವ 1.26 ಲಕ್ಷ ಕಂತಿಗೇ ಸರಿಹೋಗುತ್ತದೆ.

ಇನ್ನು ಹಣ ಯಾವಾಗ ಬರುತ್ತದೆ? 90 ದಿನಕ್ಕೆ ಎಂದರೆ ಮೂರು ತಿಂಗಳ ಖರ್ಚು, ಏಳು ಲಕ್ಷಕ್ಕೂ ಹೆಚ್ಚು, ಮೊದಲೇ ನಿನ್ನ ಕೈಯಲ್ಲಿರಬೇಕು. ಕಂಪನಿ ಕೊಡಲಿ ಬಿಡಲಿ, ಬಿಲ್ ಮಾಡಿದ ಮುಂದಿನ ತಿಂಗಳ 20ಕ್ಕೆ ಜಿಎಸ್‌ಟಿ ಕಟ್ಟಬೇಕು. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ 45 ದಿನ ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿನಗಿದೆ. 2023-24ರಿಂದ, ಅವಧಿಯೊಳಗೆ ಕೊಡದಿದ್ದರೆ ಖರೀದಿದಾರನಿಗೆ ಆ ವರ್ಷ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲೂ ಆಗುವುದಿಲ್ಲ. ಕಾನೂನು ನಿನ್ನ ಪರವಾಗಿಯೇ ಇದೆ. ಆದರೆ ಒಬ್ಬನೇ ಗಿರಾಕಿ ಇರುವವನು ಆ ಗಿರಾಕಿಯ ಮೇಲೆ ದೂರು ಕೊಡುವುದನ್ನು ನಾನು ಕಂಡಿಲ್ಲ.

ನಾಲ್ಕು ವರ್ಷಗಳ ಹಿಂದೆ ಇಂಥದೇ ಮಾತು ನಂಬಿದ ಒಬ್ಬರ ಶೆಡ್‌ಗೆ ಬ್ಯಾಂಕಿನವರ ಜೊತೆ ಹೋಗಿದ್ದೆ. ಕಂಟ್ರೋಲರ್ ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಸುಲಿದಿರಲಿಲ್ಲ. ಯಂತ್ರವನ್ನು ಲಾರಿಗೆ ಏರಿಸುವಾಗ ಅವರ ತಾಯಿ ಗೇಟಿನ ಬಳಿ ನಿಂತಿದ್ದರು. ಅದನ್ನು ಮತ್ತೆ ನೋಡಲು ನನಗೆ ಇಷ್ಟವಿಲ್ಲ.

ಒಂದೇ ಯಂತ್ರದಿಂದ ಶುರುಮಾಡು, ಹಳೆಯದಾದರೂ ಸರಿ. ತಿಂಗಳಿಗೆ ಕನಿಷ್ಠ ಇಷ್ಟು ಗಂಟೆ ಎಂದು ಬರೆದ ಪರ್ಚೇಸ್ ಆರ್ಡರ್ ಕೇಳು. ಇನ್ನೊಬ್ಬ ಗಿರಾಕಿಯನ್ನು ಹುಡುಕು. ಮನೆಯ ಬದಲು ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮದ ಅಡಮಾನವಿಲ್ಲದ ಸಾಲಕ್ಕೆ ಗ್ಯಾರಂಟಿ ನಿಲ್ಲುವ ಸರ್ಕಾರಿ ನಿಧಿ) ಗ್ಯಾರಂಟಿಯಡಿ ಸಾಲ ಕೊಡಿ ಎಂದು ಲಿಖಿತವಾಗಿ ಅರ್ಜಿ ಹಾಕು. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಆ ಗ್ಯಾರಂಟಿ ಇರುವುದು ಬ್ಯಾಂಕಿಗೆ, ಸಾಲ ತೀರಿಸುವ ಹೊಣೆ ನಿನ್ನದೇ. ಆದರೆ ಮನೆ ಉಳಿಯುತ್ತದೆ.

ಪೀಣ್ಯ, ಟೂಲ್‌ರೂಮ್: ಹುಡುಗರಿಗೆ ಧೈರ್ಯ ಹೇಳಬೇಕು ಮೇಡಂ. ಎಲ್ಲರೂ ಚೀನಾ ಮಾಲು ನಿಲ್ಲಿಸಿದರೆ ಕೆಲಸ ತಾನಾಗಿ ಬರುತ್ತದೆ.

ಜಿಗಣಿ, ಮೋಟಾರ್ ಬಿಡಿಭಾಗ: ನಿಮ್ಮ ಯಂತ್ರದ ಬಾಲ್ ಸ್ಕ್ರೂ, ಗೈಡ್‌ವೇಯಂಥ ಒಳಭಾಗಗಳು ಎಲ್ಲಿಯವು ಸರ್? ಕಂಟ್ರೋಲರ್ ಎಲ್ಲಿಯದು? 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಆಯಸ್ಕಾಂತದ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ಆರ್ಡರ್‌ಗಳು ನಿಂತವು.

ಪೀಣ್ಯ, ಟೂಲ್‌ರೂಮ್: ನನ್ನದು ಜಪಾನಿನದು. ಚೀನಾದ್ದಲ್ಲ.

ಜಿಗಣಿ, ಮೋಟಾರ್ ಬಿಡಿಭಾಗ: ಅದೂ ಆಮದೇ ಅಲ್ಲವೇ?

ಜಾಲಹಳ್ಳಿ, ನಿವೃತ್ತ ಫೋರ್‌ಮನ್: 1953ರಲ್ಲಿ ಸರ್ಕಾರಿ ಯಂತ್ರ ಕಾರ್ಖಾನೆ ಎಚ್‌ಎಂಟಿ ಶುರುವಾದಾಗ ಯಂತ್ರ ಮಾಡುವ ಯಂತ್ರವನ್ನೇ ಇಲ್ಲಿ ಮಾಡಬೇಕು ಎಂಬ ಹಟವಿತ್ತು. ಅಲ್ಲಿ ಕಲಿತ ಎಷ್ಟೋ ಕೈಗಳು ಪೀಣ್ಯಕ್ಕೆ ಬಂದವು. 2016ರಲ್ಲಿ ಕೈಗಡಿಯಾರ ವಿಭಾಗ ಮುಚ್ಚಿದಾಗ ಹೋದದ್ದು ಗಡಿಯಾರವಷ್ಟೇ ಅಲ್ಲ.

ಕೋಲಾರ, ಯುವ ಎಂಜಿನಿಯರ್: ಹಿರಿಯರೇ, ಆ ಕಾಲ ಮುಗಿಯಿತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಇಂದು ನರಸಾಪುರಕ್ಕೆ ಬಸ್ಸಿನಲ್ಲಿ ಹೋಗಿ ಸಂಬಳ ತರುತ್ತಿದ್ದಾರೆ.

ಜಿಗಣಿ, ಮೋಟಾರ್ ಬಿಡಿಭಾಗ: ಸಂಬಳ ಸರಿಯಾಗಿ ಬಂದಿದ್ದರೆ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಐಫೋನ್ ಕಾರ್ಖಾನೆಯಲ್ಲಿ ಗಲಭೆ ಏಕಾಯಿತು?

ಕೋಲಾರ, ಯುವ ಎಂಜಿನಿಯರ್: ಐದು ವರ್ಷದ ಹಿಂದಿನದನ್ನೇ ಎಷ್ಟು ದಿನ ಎತ್ತುತ್ತೀರಿ? ನನ್ನ ತಂಗಿ ಈಗ ಅಲ್ಲಿದ್ದಾಳೆ. ಬಾಯಿಗೆ ಬಂದಂತೆ ಮಾತನಾಡಬೇಡಿ.

ಜಿಗಣಿ, ಮೋಟಾರ್ ಬಿಡಿಭಾಗ: ಗುತ್ತಿಗೆಯೋ, ಕಾಯಂ ಕೆಲಸವೋ ಎಂದು ಅವರನ್ನೇ ಕೇಳಿ ಹೇಳಿ.

ನಿರ್ವಾಹಕರು: ವೈಯಕ್ತಿಕ ಮಾತು ಬೇಡ.

ಮಂಡ್ಯ, ಪೋಷಕರು: ಮಗ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಓದುತ್ತೇನೆ ಎನ್ನುತ್ತಾನೆ. ಮುಂದೆ ಕೆಲಸ ಇರುತ್ತದೆಯೇ ಮೇಡಂ?

ವಿಜಯಪುರ, ಹೊಸ ಸದಸ್ಯರು: ಫಾರ್ವರ್ಡ್ ಬಂದಿದೆ: ‘ಚೀನಾ ಬಿಟ್ಟು ಬರುವ ಕಂಪನಿಗಳಿಗೆ ಬಿಡಿಭಾಗ ಮಾಡುವವರಿಗೆ 20 ಲಕ್ಷ ಬಡ್ಡಿರಹಿತ ಮುದ್ರಾ ಸಾಲ. ಇಂದೇ ಈ ಕೊಂಡಿ ಒತ್ತಿ.’ ನಿಜವೇ?

ಉತ್ತರ: ಸುಳ್ಳು. ಮುದ್ರಾ ಸಾಲಕ್ಕೆ ಬಡ್ಡಿ ಇದೆ. 20 ಲಕ್ಷದ ಮಿತಿ ಇರುವುದು ಹಿಂದೆ ‘ತರುಣ್’ ವರ್ಗದ ಸಾಲ ಪಡೆದು ತೀರಿಸಿದವರಿಗೆ. ಕೊಂಡಿ ಒತ್ತಬೇಡಿ, ಒಟಿಪಿ ಕೊಡಬೇಡಿ, ಇನ್ನೊಬ್ಬರಿಗೆ ಕಳುಹಿಸಲೂಬೇಡಿ. ಫಾರ್ವರ್ಡ್ ಬೇಡವೆಂದು ನಿರ್ವಾಹಕರು ಮೊದಲೇ ಹೇಳಿದ್ದಾರೆ. ಇಂಥ ಕೊಂಡಿ ಒತ್ತಿ ಖಾತೆ ಖಾಲಿಯಾದವರು ನನ್ನ ಕಚೇರಿಗೆ ಬಂದು ಅಳುತ್ತಾರೆ. ಆಗ ನಾನು ಮಾಡುವಂಥದ್ದೇನೂ ಉಳಿದಿರುವುದಿಲ್ಲ.

ಬಳ್ಳಾರಿ, ಜೀನ್ಸ್ ಹೊಲಿಗೆ: ನಮ್ಮ ಕಡೆ ಜೀನ್ಸ್ ಘಟಕಗಳ ಬಗ್ಗೆಯೂ ಒಂದು ಮಾತು ಹೇಳಿ ಮೇಡಂ.

ರಾಯಚೂರು: ಉದ್ಯಮ್ ನೋಂದಣಿಗೆ ಶುಲ್ಕ ಎಷ್ಟು?

ಉತ್ತರ: ಉಚಿತ. ಮೇಲೆ ಓದಿ.

ಪೀಣ್ಯ, ಟೂಲ್‌ರೂಮ್: ಮೇಡಂ, ನೀವು ಹೀಗೆ ಹೆದರಿಸಿದರೆ ಯಾರೂ ಕಾರ್ಖಾನೆ ತೆರೆಯುವುದಿಲ್ಲ. ನಾನು 1994ರಲ್ಲಿ ಹೆಂಡತಿಯ ಒಡವೆ ಇಟ್ಟು ಶುರುಮಾಡಿದವನು.

ಉತ್ತರ: ನಿಮ್ಮ ಶ್ರಮಕ್ಕೆ ಗೌರವವಿದೆ ಸರ್. ಒಡವೆ ಇಟ್ಟು ಕಳೆದುಕೊಂಡವರು ಈ ಗುಂಪಿನಲ್ಲಿ ಬರೆಯುವುದಿಲ್ಲ. ಅವರ ಲೆಕ್ಕದ ಪುಸ್ತಕಗಳನ್ನು ನಾನು ನೋಡಿದ್ದೇನೆ. ನಾನು ಬೇಡ ಎಂದದ್ದು ಯಂತ್ರವನ್ನಲ್ಲ. ಬಾಯಿಮಾತಿಗೆ ಮನೆ ಅಡ ಇಡುವುದನ್ನು.

ಪೀಣ್ಯ, ಟೂಲ್‌ರೂಮ್: ಪುಸ್ತಕ ನೋಡುವುದು ಬೇರೆ, ಯಂತ್ರ ನಡೆಸುವುದು ಬೇರೆ.

ಜಿಗಣಿ, ಮೋಟಾರ್ ಬಿಡಿಭಾಗ: ಆ ಹುಡುಗನ ಕಂತು ನೀವು ಕಟ್ಟುತ್ತೀರಾ?

ಬಳ್ಳಾರಿ, ಜೀನ್ಸ್ ಹೊಲಿಗೆ: ನಮ್ಮ ಪ್ರಶ್ನೆ ಹಾಗೆಯೇ ಉಳಿಯಿತು.

ಹುಬ್ಬಳ್ಳಿ, ತಾರಿಹಾಳ: ಮೇಡಂ, ಯಂತ್ರದವರಿಗೆ ಎರಡು ಲಕ್ಷ ಮುಂಗಡ ಕೊಟ್ಟಾಗಿದೆ. ಅಪ್ಪ ನಾಳೆ ಹನ್ನೊಂದು ಗಂಟೆಗೆ ಬ್ಯಾಂಕಿಗೆ ಸಹಿ ಹಾಕಲು ಹೋಗುತ್ತಾರೆ.

ಉತ್ತರ: ಎರಡು ಲಕ್ಷಕ್ಕಾಗಿ ಮನೆಯನ್ನು ಕೊಡಬೇಡ. ಮುಂಗಡದ ರಸೀದಿ, ಕೊಟೇಷನ್, ಬ್ಯಾಂಕಿನ ಮಂಜೂರಾತಿ ಪತ್ರ ಮೂರನ್ನೂ ಇಂದು ರಾತ್ರಿಯೇ ನನಗೆ ಕಳುಹಿಸು. ನಿರ್ವಾಹಕರಿಂದ ನನ್ನ ನಂಬರ್ ತೆಗೆದುಕೊ. ಬೆಳಿಗ್ಗೆ ಒಂಬತ್ತಕ್ಕೆ ಕರೆ ಮಾಡು, ಅಪ್ಪ ಪಕ್ಕದಲ್ಲಿರಲಿ.