ಕಾರಿನ ಪಿಕಪ್ ಲೆಕ್ಕ: 0–100ಕ್ಕೆ 5.8 ಸೆಕೆಂಡ್ ಬರುತ್ತಿದೆ, ಏನು ಬಿಟ್ಟುಹೋಗಿದೆ?

ಪ್ರಶ್ನೆ

ಎಂಜಿನ್ ಪವರ್ ಮತ್ತು ತೂಕದಿಂದ ವೇಗೋತ್ಕರ್ಷ ಲೆಕ್ಕ ಹಾಕುವ ಎಕ್ಸೆಲ್ ಶೀಟ್ ಮಾಡುತ್ತಿದ್ದೇನೆ. ಡ್ರೈವರ್ ಸೇರಿ 1000 ಕೆ.ಜಿ., ಪವರ್ 66 ಕಿಲೋವ್ಯಾಟ್, ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಮಾತ್ರ). ಬಲ = ಪವರ್ ÷ ವೇಗ ಅಂತ ಹಾಕಿದರೆ ಮೊದಲ ಸಾಲಲ್ಲೇ ಎರರ್, ಯಾಕಂದ್ರೆ ವೇಗ ಸೊನ್ನೆ. ಚಲನಶಕ್ತಿಯ ದಾರಿ ಹಿಡಿದರೆ 100 ಕಿ.ಮೀ. ವೇಗಕ್ಕೆ 5.8 ಸೆಕೆಂಡ್. ಇಂಥ ಕಾರು ರಸ್ತೆಯಲ್ಲಿ 12 ಸೆಕೆಂಡ್ ಆಸುಪಾಸು ತಗೊಳ್ಳುತ್ತದೆ ಅಲ್ವಾ?

ಉತ್ತರ

ನಿಮ್ಮ ಗಣಿತ ಸರಿಯಾಗಿಯೇ ಇದೆ. 100 ಕಿ.ಮೀ. ವೇಗದಲ್ಲಿ ಚಲನಶಕ್ತಿ 386 ಕಿಲೋಜೂಲ್, 386 ÷ 66 = 5.8. ಆದರೆ ಅದಕ್ಕೆ ಎಂಜಿನ್ ಶುರುವಿನಿಂದ ಕೊನೆವರೆಗೂ ಪೂರ್ತಿ 66 ಕೊಡಬೇಕು. ಬ್ರೋಷರಿನ ಪವರ್ ಸಿಗುವುದು 6000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಹತ್ತಿರ ಮಾತ್ರ. ಗೇರ್ ಬದಲಿಸಿದಾಗಲೆಲ್ಲ ಆರ್‌ಪಿಎಂ ಬೀಳುತ್ತದೆ, ಪವರ್ ಕೂಡ ಇಳಿಯುತ್ತದೆ. ಗೇರ್‌ಬಾಕ್ಸಿನಲ್ಲೂ 10–15% ಹೋಗುತ್ತದೆ. ಹಾಗಾಗಿ ಚಕ್ರಕ್ಕೆ ಸರಾಸರಿ 45 ಕಿಲೋವ್ಯಾಟ್ ಅಂತ ಹಿಡಿಯಿರಿ.

ಎರರ್ ಹೋಗಬೇಕಾದರೆ ಟೈರಿನ ಹಿಡಿತವನ್ನು ಲೆಕ್ಕಕ್ಕೆ ತರಲೇಬೇಕು. ಎಷ್ಟೇ ಪವರ್ ಇರಲಿ, ಟೈರ್ ಜಾರಿದ ಮೇಲೆ ಅದು ವ್ಯರ್ಥ. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರಗಳ ಮೇಲೆ ಸುಮಾರು 55% ಉಳಿಯುತ್ತದೆ. ಒಣ ಟಾರು ರಸ್ತೆಗೆ ಘರ್ಷಣಾಂಕ (ಭಾರದ ಎಷ್ಟು ಪಾಲು ಹಿಡಿತವಾಗಿ ಸಿಗುತ್ತದೆ ಅನ್ನುವ ಸಂಖ್ಯೆ) 0.8 ಇಟ್ಟರೆ 0.8 × 0.55 × 1000 × 9.81, ಅಂದರೆ ಸುಮಾರು 4300 ನ್ಯೂಟನ್. ಪ್ರತಿ ಸಾಲಲ್ಲೂ ಇದು ಮತ್ತು ಪವರ್ ÷ ವೇಗ, ಎರಡರಲ್ಲಿ ಚಿಕ್ಕದನ್ನು ತಗೊಳ್ಳಿ. ವೇಗ ಸೊನ್ನೆ ಇರುವ ಮೊದಲ ಸಾಲಿಗೆ ನೇರವಾಗಿ 4300. ಸುಮಾರು 37 ಕಿ.ಮೀ. ವೇಗದವರೆಗೆ ಹಿಡಿತವೇ ಮಿತಿ, ಆಮೇಲೆ ಪವರ್.

ನಂತರ ಗಾಳಿಯ ತಡೆ, ಟೈರ್ ಉರುಳುವ ತಡೆ ಕಳೆಯಿರಿ. 100 ಕಿ.ಮೀ. ವೇಗದಲ್ಲಿ ಸಣ್ಣ ಕಾರಿಗೆ ಗಾಳಿ 300, ಟೈರ್ 120 ನ್ಯೂಟನ್ ಅಂದಾಜು. ಅಷ್ಟಕ್ಕೇ 11–12 ಕಿಲೋವ್ಯಾಟ್ ಬೇಕು! ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಒಂದೇ ಸಂಖ್ಯೆಯಾಗಿ ಇಡಬೇಡಿ.

ಉಳಿದ ಬಲವನ್ನು ತೂಕದಿಂದ ಭಾಗಿಸಿ ವೇಗೋತ್ಕರ್ಷ ತೆಗೆಯುವಾಗ 1000 ಬದಲು 1080 ಹಾಕಿ. ಚಕ್ರ, ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ), ಗೇರುಗಳನ್ನು ತಿರುಗಿಸಲೂ ಬಲ ಬೇಕಲ್ವಾ. 0.1 ಸೆಕೆಂಡಿಗೆ ಒಂದು ಸಾಲು ಸಾಕು.

ಪ್ರಶ್ನೆ ಕೇಳಿದವರು

ಹಾಕಿ ನೋಡಿದೆ, 12ರ ಹತ್ತಿರ ಬಂತು. ತುಂಬಾ ಥ್ಯಾಂಕ್ಸ್ ಸರ್. ಘಾಟಿ ಏರಿಗೆ ಏನು ಸೇರಿಸಬೇಕು?

ಉತ್ತರ

10 ಮೀಟರಿಗೆ 1 ಮೀಟರ್ ಏರು ಇದ್ದರೆ 980 ನ್ಯೂಟನ್ ಕಳೆಯಿರಿ. 60 ಕಿ.ಮೀ. ವೇಗದಲ್ಲಿ ಏರಿಗೇ 16 ಕಿಲೋವ್ಯಾಟ್ ಹೋಗುತ್ತದೆ. ಇನ್ನೂ ಮೂವರನ್ನು ಕೂರಿಸಿಕೊಂಡರೆ ತೂಕ 1200 ಆಗಿ ಏರಿನ ಬಲವೂ ಜಾಸ್ತಿ ಆಗುತ್ತದೆ, ಅದನ್ನೂ ಬದಲಿಸಿ.