ಪದಚರ್ಚೆ: ಅಲ್ಟಿಮೇಟ್ ಫ್ರಿಸ್ಬಿಯ ‘ಪಿವಟ್’, ‘ಫೋರ್ಸ್’, ‘ಸ್ಟಾಲ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಅಲ್ಟಿಮೇಟ್ (ಡಿಸ್ಕನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತ ಎದುರು ತುದಿಯ ಪಟ್ಟಿಯಲ್ಲಿ ಹಿಡಿದು ಅಂಕ ಗಳಿಸುವ ತಂಡದಾಟ) ಕಲಿಸಲು ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ತಂಡಕ್ಕೆ 7 ಜನ, ಅಂಗಳ 100 ಮೀಟರ್ ಉದ್ದ, 37 ಮೀಟರ್ ಅಗಲ, ಎರಡೂ ತುದಿಗೆ 18 ಮೀಟರಿನ ಅಂಕದ ಪಟ್ಟಿ: ಇಷ್ಟು ಬರೆಯುವುದು ಸುಲಭವಾಯಿತು. ತೊಡಕಿರುವುದು ಆಡುವಾಗ ಕೂಗುವ ಮಾತುಗಳಲ್ಲಿ. ಡಿಸ್ಕ್‌ಗೆ ‘ಚಕ್ರ’, ಪುಲ್‌ಗೆ ‘ಎಳೆತ’, ಪಿವಟ್‌ಗೆ ‘ತಿರುಗುಗಾಲು’, ಫೋರ್ಸ್‌ಗೆ ‘ಬಲ’ ಎಂದಿದ್ದೇವೆ. ಸರಿಯೇ? ಸ್ಟಾಲ್, ಅಂದರೆ ಡಿಸ್ಕ್ ಹಿಡಿದವನು ಎಸೆಯಲು ಇರುವ ಸಮಯದ ಎಣಿಕೆಯನ್ನು ಕನ್ನಡದಲ್ಲೇ ಮಾಡಿಸಬಹುದೇ? ಬಲ್ಲವರು ತಿಳಿಸಿ.

ಉತ್ತರ: ಈ ಆಟಕ್ಕೆ ಅಂಪೈರ್ ಇಲ್ಲ. ತಪ್ಪನ್ನು ಆಟಗಾರರೇ ಕೂಗಿ ಹೇಳಿ, ತಾವೇ ಬಗೆಹರಿಸಿಕೊಳ್ಳಬೇಕು. ಹಾಗಾಗಿ ನಿಘಂಟಿಗಿಂತ ಕಿವಿಯನ್ನು ನಂಬಿ.

‘ಚಕ್ರ’ ಬೇಡ, ಚಕ್ರ ಎಸೆತವೆಂದರೆ ಅಥ್ಲೆಟಿಕ್ಸಿನ ಡಿಸ್ಕಸ್. 175 ಗ್ರಾಮಿನ ಈ ಪ್ಲಾಸ್ಟಿಕ್ ತಟ್ಟೆ ಡಿಸ್ಕ್ ಆಗಿಯೇ ಇರಲಿ. (ಫ್ರಿಸ್ಬಿ ಎಂಬುದು ವ್ಯಾಮ್-ಓ ಕಂಪನಿಯ ನೋಂದಾಯಿತ ಹೆಸರು, ನಿಯಮಗಳಲ್ಲಿ ಆಟದ ಹೆಸರು ಬರೀ ಅಲ್ಟಿಮೇಟ್.) ಪುಲ್‌ನಲ್ಲಿ ಎಳೆಯುವುದೇನೂ ಇಲ್ಲ, ಪ್ರತಿ ಅಂಕದ ಆಟ ಶುರುವಾಗುವಾಗ ಎದುರು ತಂಡದತ್ತ ಬೀಸುವ ಉದ್ದನೆಯ ಎಸೆತ ಅದು. ‘ಮೊದಲೆಸೆತ’ ಸಾಕು.

ಪಿವಟ್‌ಗೆ, ಅಂದರೆ ಡಿಸ್ಕ್ ಹಿಡಿದವನು ನೆಲಕ್ಕೂರಿ ನಿಲ್ಲುವ ಕಾಲಿಗೆ, ‘ಊರಿದ ಕಾಲು’ ಅನ್ನಿ. ಅದು ಇದ್ದ ಜಾಗ ಬಿಟ್ಟು ಕದಲಬಾರದು ಎಂಬುದು ಹೆಸರಲ್ಲೇ ಬರುತ್ತದೆ. ಬಲಗೈಯವರಿಗೆ ಎಡಗಾಲು ಊರಿದ ಕಾಲು. ಬಲಗಾಲನ್ನು ಬೇಕಾದ ಬದಿಗೆ ಚಾಚಿ ಎಸೆಯಬೇಕು. ಹೊಸಬರು ಫೋರ್‌ಹ್ಯಾಂಡ್ ಎಸೆಯುವ ಅವಸರದಲ್ಲಿ ಎಡಗಾಲನ್ನೂ ಎಳೆದುಕೊಂಡು ಬರುತ್ತಾರೆ. ಆಗ ಕೂಗುವುದು ‘ಟ್ರಾವೆಲ್’. ಅದಕ್ಕೆ ಕನ್ನಡ ಬೇಕಿದ್ದರೆ ‘ಕಾಲು ಸರೀತು’. ‘ಕಾಲ್ಕಿತ್ತ’ ಅಂದುಬಿಟ್ಟರೆ ಅಂಗಳ ಬಿಟ್ಟು ಓಡಿಹೋದ ಎಂದಾಗುತ್ತದೆ!

ಎಲ್ಲಕ್ಕಿಂತ ಅಪಾಯದ್ದು ‘ಬಲ’. ಮೈ ತಾಗಿಸುವಂತಿಲ್ಲದ ಆಟದಲ್ಲಿ ಆ ಪದವೇ ಹೊಂದದು; ಮೇಲಾಗಿ ಕೂಗಿದರೆ ಎಲ್ಲರಿಗೂ ಬಲಗಡೆ ಎಂದೇ ಕೇಳುತ್ತದೆ. ಫೋರ್ಸ್ ಎಂದರೆ ಮಾರ್ಕರ್ (ಎಸೆಯುವವನನ್ನು ಕಾಯುವ ಎದುರಾಳಿ) ಒಂದು ಬದಿಗೆ ಅಡ್ಡ ನಿಂತು, ಇನ್ನೊಂದು ಬದಿಗೇ ಎಸೆಯುವಂತೆ ಮಾಡುವುದು. ಹಿಂದಿರುವ ಅವನ ತಂಡದವರು ಆ ತೆರೆದ ಬದಿಯನ್ನು ಕಾಯುತ್ತಾರೆ. ಕಲಿಯುವವರು ನೇರ ಎದುರಿಗೆ ನಿಂತುಬಿಡುತ್ತಾರೆ, ಆಗ ಎರಡೂ ಬದಿ ಬಯಲು. ‘ಕಟ್ಟು’ ಎನ್ನಬಹುದಿತ್ತು, ಆದರೆ ಅದು ಮುಚ್ಚಿದ ಬದಿಯನ್ನು ಹೇಳುತ್ತದೆ. ಫೋರ್ಸ್ ಕೂಗುವುದು ತೆರೆದ ಬದಿಯ ಹೆಸರಿನಿಂದ. ಆದ್ದರಿಂದ ‘ಬಿಡು’ ಸರಿಹೋಗುತ್ತದೆ. ಎಡ, ಬಲ ಬೇಡ, ಎದುರುಬದುರು ನಿಂತವರಿಗೆ ಅವು ಅದಲುಬದಲು. ಬ್ಯಾಗ್ ಇಟ್ಟ ಕಡೆಯನ್ನು ಗುರುತು ಮಾಡಿಕೊಂಡು ‘ಬ್ಯಾಗ್ ಕಡೆ ಬಿಡು’, ‘ಆಚೆ ಕಡೆ ಬಿಡು’ ಎಂದು ಕಲಿಸಿ.

ಇನ್ನು ಎಣಿಕೆ. ಎಸೆಯುವವನಿಂದ 3 ಮೀಟರ್ ಒಳಗೆ ನಿಂತ ಮಾರ್ಕರ್ ‘ಸ್ಟಾಲಿಂಗ್’ ಎಂದು ಶುರುಮಾಡಿ 10ರವರೆಗೆ ಎಣಿಸಬೇಕು. ಒಂದು ಸಂಖ್ಯೆಯ ಮೊದಲಿಂದ ಮುಂದಿನದರ ಮೊದಲಿಗೆ ಕನಿಷ್ಠ ಒಂದು ಸೆಕೆಂಡ್, ಮಕ್ಕಳು ಓಡಿಸಿಬಿಡುತ್ತಾರೆ. 10ರ ಉಚ್ಚಾರ ಶುರುವಾಗುವಷ್ಟರಲ್ಲಿ ಡಿಸ್ಕ್ ಕೈಬಿಟ್ಟಿರದಿದ್ದರೆ ಅದು ಎದುರು ತಂಡಕ್ಕೆ. ಕನ್ನಡದ ಪೇಚು ಇಲ್ಲೇ ಇದೆ: ‘ಒಂಬತ್ತು’, ‘ಹತ್ತು’ ಎರಡರ ಬಾಲವೂ ಒಂದೇ. ನಮ್ಮ ಮಾತಿನಲ್ಲಿ ಹಕಾರ ಬೇರೆ ಬಿದ್ದುಹೋಗಿ ‘ಅತ್ತು’ ಆಗುತ್ತದೆ. ದೂರದಲ್ಲಿ ಓಡುತ್ತಿರುವವರ ಕಿವಿಗೆ ಬೀಳುವುದು ಬರೀ ‘...ತ್ತು’, ಜಗಳಕ್ಕೆ ಅಷ್ಟು ಸಾಕು. ಒಂಬತ್ತರವರೆಗೆ ಕನ್ನಡದಲ್ಲಿ ಎಣಿಸಿ ಕೊನೆಗೆ ‘ಟೆನ್’ ಅನ್ನಿಸಿ. ಕಲಬೆರಕೆ, ನಿಜ. ಆದರೆ ‘ಟ’ ಎಲ್ಲಿ ಶುರುವಾಯಿತು ಎಂಬುದು ಎಲ್ಲರಿಗೂ ಕೇಳುತ್ತದೆ.