ಪದಚರ್ಚೆ: ಡ್ರಾಫ್ಟ್ ಬಿಯರ್, ಟೆರೇಸ್. ಫಲಕಕ್ಕೆ ಕನ್ನಡ ಬೇಕು (ತುರ್ತು)

ದಾವಣಗೆರೆಯಿಂದ (ಫಲಕ ವಿನ್ಯಾಸ)

ಎಲ್ಲರಿಗೂ ನಮಸ್ಕಾರ.

ಪಿ.ಬಿ. ರಸ್ತೆಗೆ ಹತ್ತಿರದ ಹಳೇ ಕಟ್ಟಡವೊಂದರಲ್ಲಿ ಸಣ್ಣ ಪಬ್ ಶುರುವಾಗ್ತಿದೆ. ಕೆಳಗೆ ಕೆಲವೇ ಮೇಜು, ಮೇಲೆ ಬಯಲಲ್ಲಿ ಕೂರುವ ಜಾಗ, ಬಾಟ್ಲಿ ಬಿಯರ್ ಜೊತೆಗೆ ಟ್ಯಾಪಿನಿಂದ ನೇರ ಗ್ಲಾಸಿಗೆ ಹಿಡಿದು ಕೊಡುವ ಡ್ರಾಫ್ಟ್ ಬಿಯರ್. ಫಲಕ ಶುಕ್ರವಾರ ಅಚ್ಚಿಗೆ ಹೋಗಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಮಾಲೀಕರ ಕಡೆಯಿಂದ ಯಂತ್ರಾನುವಾದ ಬಂದಿದೆ: 'ಬೆಚ್ಚಗಿನ ಟೆರೇಸ್ ಮತ್ತು ಕರಡು ಬಿಯರ್'. ಇದನ್ನು ಹಾಗೇ ಹಾಕುವುದು ಸಾಧ್ಯವಿಲ್ಲ.

ಡ್ರಾಫ್ಟ್ ಬಿಯರ್, ಟೆರೇಸ್, ಕೋಜಿ, ಈ ಮೂರಕ್ಕೆ ಪದ ಬೇಕು. ಜೊತೆಗೆ ಬಿಯರ್ ಹಿಡಿಯುವ ಹುಡುಗರಿಗಾಗಿ ಗೋಡೆಗೆ ಒಂದು ಸೂಚನಾಪಟ್ಟಿಯೂ ಆಗಬೇಕು. ಕೆಗ್ (ಬಿಯರ್ ತುಂಬಿ ಬರುವ ಮುಚ್ಚಿದ ಪಾತ್ರೆ), ಟ್ಯಾಪ್, ಗ್ಲಾಸಿನ ಮೇಲೆ ನಿಲ್ಲುವ 'ಹೆಡ್', ಇವಕ್ಕೂ ಏನಾದರೂ ಹೇಳಿ.

ಧಾರವಾಡದಿಂದ

ಸೇದುಬಿಯರ್. ಇಷ್ಟೇ. ಇಂಗ್ಲಿಷಿನ 'ಡ್ರಾಫ್ಟ್' ಬಂದಿರುವುದು 'ಡ್ರಾ' ಎಂಬ ಧಾತುವಿನಿಂದ, ಎಳೆಯುವುದು, ಸೇದುವುದು. ನಮ್ಮಲ್ಲಿ ಸೇದುಬಾವಿ ಇದೆ, ಸೇದುಹಗ್ಗ ಇದೆ. ಧಾತುವಿಗೆ ಧಾತು ಸರಿಹೊಂದುತ್ತದೆ. 'ಬಿಯರ್' ಸಹ ಬೇಕಿಲ್ಲ, ಜವೆಗೋಧಿಯಿಂದ ಆಗುವುದರಿಂದ ಜವೆಗಳ್ಳು ಎನ್ನಬಹುದು. ಪಬ್ಬಿಗೆ ಹೆಂಡದಂಗಡಿ. ಹನ್ನೆರಡನೆಯ ಶತಮಾನದಲ್ಲೇ ಹೆಂಡದ ಮಾರಯ್ಯ ಎಂಬ ವಚನಕಾರರಿದ್ದ ನಾಡು ಇದು, ಪದ ಸಾಲ ತರುವ ಗತಿ ನಮಗಿಲ್ಲ.

ದಾವಣಗೆರೆಯಿಂದ (ಬಾರ್ ಉಪಕರಣ ಜೋಡಣೆ)

'ಸೇದುಬಿಯರ್' ಬೇಡ ಸರ್. ಈ ಊರಲ್ಲಿ ಸೇದುವುದು ಅಂದರೆ ಮೊದಲು ಬೀಡಿ, ಆಮೇಲೆ ಬಾವಿ. ಫಲಕ ಓದಿದವರು ಒಳಗೆ ಹುಕ್ಕಾ ಇದೆ ಅಂದುಕೊಳ್ಳುತ್ತಾರೆ.

ಜವೆಗಳ್ಳೂ ತಪ್ಪು. ಕಳ್ಳು ಮರದಿಂದ ಇಳಿಸುವ ರಸ, ತಾನಾಗಿಯೇ ಹುಳಿಯುತ್ತದೆ. ಬಿಯರಿಗೆ ಧಾನ್ಯ ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಲ್ಲಿ ಸಿಹಿ ತೆಗೆದು, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಡಬೇಕು. ಎರಡೂ ಬೇರೆ ಬೇರೆ ಕಸುಬು. 'ಇಳಿಸಿದ ಬಿಯರ್' ಅಂತಲೂ ಯಾರೂ ಸೂಚಿಸಬೇಡಿ, ಇಳಿಸುವುದು ಭಟ್ಟಿ ಸಾರಾಯಿಗೆ. ಮತ್ತೆ ದಾವಣಗೆರೆಯಲ್ಲಿ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ.

'ನಲ್ಲಿ ಬಿಯರ್' ಎಂದು ಯಾರಾದರೂ ಬರೆಯುವ ಮುಂಚೆ ಹೇಳಿಬಿಡುತ್ತೇನೆ: ನಲ್ಲಿ ಅಂದ ಕೂಡಲೇ ನೀರು ನೆನಪಾಗುತ್ತದೆ. ನೀರು ಬೆರೆಸಿದ್ದಾರೆ ಅನ್ನುವ ಗುಮಾನಿ ಈ ವ್ಯಾಪಾರದಲ್ಲಿ ಮೊದಲಿನಿಂದಲೂ ಇದೆ, ಅದನ್ನು ಫಲಕದ ಮೇಲೆ ಬರೆದುಕೊಡುವುದು ಬೇಡ.

ವಸ್ತು ಏನು ಅಂತ ನೋಡಿ ಪದ ಹುಡುಕೋಣ. ಬಿಯರ್ ಸ್ಟೀಲ್ ಕೆಗ್ಗಿನಲ್ಲಿ ಬರುತ್ತದೆ, ಸಾಮಾನ್ಯವಾಗಿ 30 ಅಥವಾ 50 ಲೀಟರು. ಮೇಲೆ ಕಪ್ಲರ್ ಎಂಬ ಜೋಡಣೆ ಕೂರಿಸುತ್ತೇವೆ. ಒಂದು ಕಡೆಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿ ಒತ್ತುತ್ತದೆ, ಇನ್ನೊಂದು ಕಡೆಯಿಂದ ಬಿಯರ್ ಪೈಪಿಗೆ ಬರುತ್ತದೆ. ಅಂದರೆ ಇಲ್ಲಿ ಯಾರೂ ಸೇದುತ್ತಿಲ್ಲ, ಗ್ಯಾಸ್ ತಳ್ಳುತ್ತಿದೆ. ಧಾತು ಹೊಂದಿದರೂ ಕೆಲಸ ಹೊಂದಲಿಲ್ಲ. ನನ್ನ ಸಲಹೆ 'ಪೀಪಾಯಿ ಬಿಯರ್'. ಬಾಟ್ಲಿ ಬಿಯರ್ ಎದುರಿಗೆ ನಿಲ್ಲುವ ಮಾತು, ಗಿರಾಕಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಮೈಸೂರಿನಿಂದ

ಪೀಪಾಯಿ ಎಂದರೆ ಕಣ್ಣೆದುರು ಬರುವುದು ಡಾಂಬರು. ಬೇಡ.

ಟೆರೇಸಿಗೆ 'ಬಿಸಿಲುಮಚ್ಚು' ಎಂಬ ಚೆಂದದ ಪದವಿದೆ, ಬಳಸಿ. ಪಬ್ಬಿಗೆ ಪಾನಗೃಹ. ಹೆಂಡದಂಗಡಿ ಎಂದು ಬರೆದರೆ ಮಾಲೀಕರು ಫಲಕವನ್ನೇ ವಾಪಸ್ಸು ಕಳಿಸುತ್ತಾರೆ.

ಚಿತ್ರದುರ್ಗದಿಂದ

ದಾವಣಗೆರೆ ಫಲಕಕ್ಕೆ ಮೈಸೂರಿನ ಬಿಸಿಲುಮಚ್ಚು ಯಾಕೆ? ಏಪ್ರಿಲ್‌ನಲ್ಲಿ ಆ ಪದದ ಮೊದಲರ್ಧ ಓದಿಯೇ ಜನ ಹಿಂದೆ ಹೋಗುತ್ತಾರೆ. ನಮ್ಮ ಸೀಮೆಗೆ 'ಮಾಳಿಗೆ' ಇದೆ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಮಾಳಿಗೆ ಮನೆ ಕಂಡವರಿಗೆ ವಿವರಿಸಬೇಕಿಲ್ಲ. ತೊಲೆ, ಜಂತೆ, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಇಂಗಗೊಡದ ಚೌಳು ಮಣ್ಣಿನ ಪದರ. ಆ ಸಮತಟ್ಟು ಸೂರಿನ ಮೇಲೆಯೇ ಸಂಡಿಗೆ, ಮೆಣಸಿನಕಾಯಿ ಒಣಗುವುದು, ಬೇಸಿಗೆ ರಾತ್ರಿ ಹಾಸಿಗೆ ಬೀಳುವುದು. 'ಮಾಳಿಗೆ ಮ್ಯಾಲೆ ಕುಂತ್ಕಂಡಿದ್ರು' ಅಂದರೆ ಇಲ್ಲಿ ಸಣ್ಣ ಮಗುವಿಗೂ ಗೊತ್ತು. ತಣ್ಣನೆ ಗಾಳಿಗೆ ಮೇಲೆ ಹೋಗಿ ಕೂರುವ ಜಾಗಕ್ಕೆ ಇದಕ್ಕಿಂತ ಹತ್ತಿರದ ಪದ ಇಲ್ಲ.

'ತಾರಸಿ'ಯೂ ನಡೆಯುತ್ತದೆ, ಆದರೆ ಅದನ್ನು ಕನ್ನಡ ಎಂದು ಬೀಗುವವರು ತಿಳಿದಿರಲಿ: ಟೆರೇಸ್, ತಾರಸಿ ಎರಡೂ ಲ್ಯಾಟಿನ್ನಿನ 'ಟೆರ್ರ'ದ ಮಕ್ಕಳು.

'ಕೋಜಿ'ಗೆ ಬೆಚ್ಚಗಿನ ಎನ್ನುವುದು ಚಳಿದೇಶದವರ ಹಿತ. ಸರ್ವಜ್ಞನ 'ಬೆಚ್ಚನೆಯ ಮನೆ' ತಂದು ವಾದಿಸಬೇಡಿ, ಅದು ಸಂಸಾರದ ಮಾತು. ಬಿಯರ್ ಕುಡಿಯಲು ಬರುವವನಿಗೆ 'ಬೆಚ್ಚಗಿದೆ' ಅಂದರೆ ಬಿಯರೇ ಬೆಚ್ಚಗಿದೆ ಅಂದಂತೆ. 'ತಂಪಾದ', 'ಹಿತವಾದ', ಎರಡರಲ್ಲಿ ಒಂದು.

ಧಾರವಾಡದಿಂದ

ಪೀಪಾಯಿ ಪೋರ್ಚುಗೀಸರ 'ಪಿಪಾ'. ಡ್ರಾಫ್ಟ್ ಬಿಟ್ಟು ಪೀಪಾಯಿ ಹಿಡಿದರೆ ಒಬ್ಬ ಸಾಹುಕಾರನಿಂದ ಇನ್ನೊಬ್ಬನ ಹತ್ತಿರ ಸಾಲಕ್ಕೆ ಹೋದ ಹಾಗೆ. ಕೆಗ್ಗಿಗೆ 'ಗುಡಾಣ' ಏಕಾಗದು?

ದಾವಣಗೆರೆಯಿಂದ (ಬಾರ್ ಉಪಕರಣ ಜೋಡಣೆ)

ಗುಡಾಣ ಮಣ್ಣಿನದು, ಬಾಯಿ ತೆರೆದದ್ದು. ಅದಕ್ಕೆ 12 ಪಿಎಸ್‌ಐ (ಚದರ ಅಂಗುಲಕ್ಕೆ 12 ಪೌಂಡ್) ಒತ್ತಡ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಹುಡುಗರು ಗೋಡೆಯಲ್ಲಿ ಗುಡಾಣ ಎಂದು ಓದಿ, ಫೋನಿನಲ್ಲಿ ಸರಬರಾಜುದಾರರಿಗೆ ಕೆಗ್ ಎಂದು ಹೇಳಬೇಕೇ? ಭಾಗಗಳ ಹೆಸರು ಕೆಗ್, ಕಪ್ಲರ್, ರೆಗ್ಯುಲೇಟರ್, ಟ್ಯಾಪ್ ಎಂದೇ ಇರಲಿ. ಕನ್ನಡ ಬೇಕಾಗಿರುವುದು ಕ್ರಿಯಾಪದದಲ್ಲಿ. ಅಲ್ಲಿ ಇಂಗ್ಲಿಷ್ ನುಸುಳಿದರೆ ಕೆಲಸವೇ ಕೆಡುತ್ತದೆ. 'ಪೋರ್ ಮಾಡಿ' ಅಂದರೆ ಹುಡುಗ ಸುರಿಯುತ್ತಾನೆ. 'ಬಗ್ಗಿಸಿ ಹಿಡಿ' ಅಂದರೆ ಗ್ಲಾಸು ಓರೆ ಮಾಡುತ್ತಾನೆ.

ಗೋಡೆಯ ಪಟ್ಟಿಗೆ ಇದನ್ನು ತೆಗೆದುಕೊಳ್ಳಿ:

'ಹೊಸ ಕೆಗ್ ಬಂದ ದಿನವೇ ಹಚ್ಚಬೇಡಿ. ಲಾರಿಯಲ್ಲಿ ಕುಲುಕಿ, ಕಾದು ಬಂದಿರುತ್ತದೆ. ಒಂದಿಡೀ ದಿನ 3 ಡಿಗ್ರಿಯ ತಂಪಿನಲ್ಲಿ ಕೂರಲಿ. ಗ್ಲಾಸನ್ನು 45 ಡಿಗ್ರಿ ಓರೆ ಹಿಡಿಯಿರಿ. ಟ್ಯಾಪಿನ ಹಿಡಿಕೆ ಪೂರ್ತಿ ಎಳೆಯಿರಿ, ಅರ್ಧ ಎಳೆದರೆ ಬರೀ ನೊರೆ ಬರುತ್ತದೆ. ಟ್ಯಾಪಿನ ಮೂತಿ ಬಿಯರಿಗೆ ತಾಗಬಾರದು. ಮುಕ್ಕಾಲು ತುಂಬಿದ ಮೇಲೆ ಗ್ಲಾಸು ನೆಟ್ಟಗೆ ಮಾಡಿ, ಎರಡು ಸೆಂಟಿಮೀಟರು ನೊರೆ ನಿಲ್ಲಿಸಿ. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡರೆ ಗ್ಲಾಸಿನಲ್ಲಿ ಜಿಡ್ಡು ಉಳಿದಿದೆ ಎಂದರ್ಥ, ಮತ್ತೆ ತೊಳೆಯಿರಿ. ಹಿಮಗಟ್ಟಿದ ಗ್ಲಾಸು ಕೊಡಬೇಡಿ, ಮಂಜಿನ ಹರಳು ತಾಗಿ ಬಿಯರ್ ಉಕ್ಕುತ್ತದೆ.'

ಹೆಡ್ಡಿಗೆ 'ನೊರೆ' ಸಾಕು. ನೊರೆಹಾಲು ಕಂಡವರಿಗೆ ಬೇರೆ ಪದ ಬೇಕಿಲ್ಲ.

ಫಲಕಕ್ಕೆ ಸಂಬಂಧವಿಲ್ಲದಿದ್ದರೂ ಮಾಲೀಕರಿಗೆ ಎರಡು ಮಾತು ಮುಟ್ಟಿಸಿ. ಕೆಗ್ ಕೆಳಗಿಟ್ಟು ಮಾಳಿಗೆಯಲ್ಲಿ ಟ್ಯಾಪ್ ಹಾಕುವುದಾದರೆ ಏರುವ ಪ್ರತಿ ಮೀಟರಿಗೆ ಹತ್ತಿರ ಹತ್ತಿರ ಒಂದೂವರೆ ಪಿಎಸ್‌ಐ ಒತ್ತಡ ಜಾಸ್ತಿ ಬೇಕು. ಬಿಸಿಲಿಗೆ ಬಿದ್ದ ಪೈಪಿನಲ್ಲಿ ನಿಂತ ಬಿಯರ್ ಕಾದು, ಮೊದಲ ಗ್ಲಾಸುಗಳು ಪೂರ್ತಿ ನೊರೆಯಾಗಿ ಚೆಲ್ಲುತ್ತವೆ. ಪೈಪಿನುದ್ದಕ್ಕೂ ತಂಪು ಹರಿಸುವ ವ್ಯವಸ್ಥೆ ದುಬಾರಿ. ಅದರ ಬದಲು ಮಾಳಿಗೆಯಲ್ಲೇ ನೆರಳಲ್ಲಿ ಕೆಗ್ ಫ್ರಿಜ್ ಇಟ್ಟು, ಪೈಪು ಎರಡು ಮೀಟರಿನೊಳಗೆ ಮುಗಿಸುವುದು ಒಳ್ಳೇದು. ಇನ್ನೊಂದು, ಪೈಪನ್ನು ಹದಿನಾಲ್ಕು ದಿನಕ್ಕೊಮ್ಮೆ ಕಾಸ್ಟಿಕ್ ದ್ರಾವಣದಿಂದ ತೊಳೆದು, ಒಳ್ಳೇ ನೀರಿನಲ್ಲಿ ಪೂರ್ತಿ ಜಾಲಿಸಬೇಕು. ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಬಿಯರಿಗೆ ಹುಳಿ, ಬೆಣ್ಣೆ ವಾಸನೆ ಬರುತ್ತದೆ. ಬೆಣ್ಣೆ ವಾಸನೆ ದೋಸೆಗೆ ಇರಲಿ.

ಧಾರವಾಡದಿಂದ

ಹೆಸರುಪದ ಎಲ್ಲ ಇಂಗ್ಲಿಷ್, ಕ್ರಿಯಾಪದ ಮಾತ್ರ ಕನ್ನಡ. ಹೀಗೆ ಆದರೆ ನಾಳೆ ಕನ್ನಡ ಬರೀ ವಿಭಕ್ತಿ ಪ್ರತ್ಯಯಗಳ ಭಾಷೆಯಾಗಿ ಉಳಿಯುತ್ತದೆ.

ಚಿತ್ರದುರ್ಗದಿಂದ

ಚಾವಿ, ಪಗಾರ, ಇಸ್ತ್ರಿ ಮೂರೂ ಪೋರ್ಚುಗೀಸರಿಂದ ಬಂದವು, ಧಾರವಾಡದಲ್ಲೂ ದಿನಾ ಬಳಸುತ್ತಾರೆ. ಕನ್ನಡ ಕರಗಲಿಲ್ಲ. ಕರಗಿಸುವುದು ಎರವಲು ಪದವಲ್ಲ. ಇರುವ ಪದವನ್ನು ಫಲಕಕ್ಕೆ ಹಾಕಲು ನಾಚುವುದು. ಮಾಳಿಗೆಯಂಥ ಪದ ಬಾಯಲ್ಲಿದ್ದೂ ಊರಲ್ಲೆಲ್ಲ 'ರೂಫ್‌ಟಾಪ್' ಎಂದು ಬರೆಯುತ್ತಾರಲ್ಲ, ನಿಮ್ಮ ಸಿಟ್ಟು ಅಲ್ಲಿ ಖರ್ಚಾಗಲಿ.

ದಾವಣಗೆರೆಯಿಂದ (ಫಲಕ ವಿನ್ಯಾಸ)

ಎಲ್ಲರಿಗೂ ವಂದನೆ. ಮಾಲೀಕರಿಗೆ ಹೀಗೆ ಕಳಿಸುತ್ತಿದ್ದೇನೆ. ಮೇಲೆ ದೊಡ್ಡಕ್ಷರದಲ್ಲಿ 'ತಂಪಾದ ಮಾಳಿಗೆ, ತಾಜಾ ಡ್ರಾಫ್ಟ್ ಬಿಯರ್'. ಅದರ ಕೆಳಗೆ 'ಕೆಗ್ಗಿನಿಂದ ನೇರ ಗ್ಲಾಸಿಗೆ'. ಪಬ್ ಎಂಬುದು ಹಾಗೇ ಇರುತ್ತದೆ. ಪೀಪಾಯಿ ಕೈಬಿಟ್ಟೆ, ಡಾಂಬರಿನ ಮಾತು ಸರಿ ಅನ್ನಿಸಿತು. ಗೋಡೆ ಪಟ್ಟಿ ಮೇಲಿನಂತೆಯೇ ಹೋಗುತ್ತದೆ.

ಒಂದು ಉಳಿಯಿತು: ಮಾಲೀಕರು 'ಮಾಳಿಗಿ' ಎನ್ನುತ್ತಾರೆ, ಹಾಗೇ ಬರೆಯಲೇ?

ಮೈಸೂರಿನಿಂದ

'ತಾಜಾ' ಪಾರ್ಸಿ. 'ಹೊಸ' ಎನ್ನಿ.

ದಾವಣಗೆರೆಯಿಂದ (ಬಾರ್ ಉಪಕರಣ ಜೋಡಣೆ)

ಬೇಡ. 'ಹೊಸ ಬಿಯರ್' ಅಂದರೆ ಹೊಸ ಬ್ರಾಂಡ್ ಬಂದಿದೆ ಅಂತ ಕೇಳುತ್ತಾರೆ. ತಾಜಾ ಇರಲಿ.

ಚಿತ್ರದುರ್ಗದಿಂದ

ಫಲಕದಲ್ಲಿ 'ಮಾಳಿಗೆ'. ಕರೆಯುವವರು ಹೇಗೆ ಬೇಕಾದರೂ ಕರೆಯಲಿ.